ಓವೆರ್ನ್ಯದ ಜ್ವಾಲಾಮುಖಿಗಳ ನಡುವೆ ನಾನು ದಾರಿ ಹಾಕಿಕೊಂಡ ಬಗೆ

ಫ್ರಾನ್ಸಿನ ಓವೆರ್ನ್ಯ ಪ್ರದೇಶಕ್ಕೆ ಮೊದಲ ಸಲ ಹೋದಾಗ ಸೈಕಲ್ಲನ್ನು ಹೆಗಲಿಗೇರಿಸಿ ಒಂದೂವರೆ ಗಂಟೆ ನಡೆದೆ. ಫೋನಿನ ಮ್ಯಾಪಿನಲ್ಲಿ ಅದು ಕಾಡಿನೊಳಗಿನ ಸಣ್ಣ ದಾರಿ, ಹೆಚ್ಚು ಏರಿಲ್ಲ, ಎದಾ ಕೆರೆಗೆ ಹತ್ತಿರದ ಹಾದಿ. ಅಲ್ಲಿ ಕಂಡದ್ದು ಪಾಚಿ ಹಿಡಿದ ಕಪ್ಪು ಬಂಡೆಗಳ ರಾಶಿ. ಒಂದೊಂದೂ ಮೊಣಕಾಲೆತ್ತರ, ನಡುವೆ ಕಾಲು ಇಳಿಯುವಷ್ಟು ಸಂದು. ಅದು ಹರಿದು ಗಟ್ಟಿಯಾದ ಲಾವಾ. ಅಲ್ಲಿನವರು ಇಂಥ ನೆಲಕ್ಕೆ ಶೇರ್ ಅಂತಾರೆ. ಈ ಪದ ನನಗೆ ಮೊದಲೇ ಗೊತ್ತಿದ್ದರೆ ಆ ದಾರಿ ಹಿಡಿಯುತ್ತಿರಲಿಲ್ಲ.

ಫ್ರಾನ್ಸಿನ ನಡುಭಾಗದಲ್ಲಿ, ಕ್ಲೆರ್ಮೋಂ ಫೆರಾಂ ಊರಿನ ಪಶ್ಚಿಮಕ್ಕೆ, ಸುಮಾರು 80 ಜ್ವಾಲಾಮುಖಿಗಳು ಉತ್ತರದಿಂದ ದಕ್ಷಿಣಕ್ಕೆ ಸಾಲಾಗಿ ನಿಂತಿವೆ. ಇದು ಶೆನ್ ದೆ ಪುಯ್. ಪುಯ್ ಅಂದರೆ ಗುಡ್ಡ. 2018ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸಾಲಿನ ದಕ್ಷಿಣಕ್ಕೆ ಇನ್ನೂ ಹಳೆಯ, ಇನ್ನೂ ಎತ್ತರದ ಸಾಂಸಿ ಬೆಟ್ಟಗಳು. ಈಗ ಯಾವುದೂ ಉರಿಯುತ್ತಿಲ್ಲ. ಹುಲ್ಲು, ಬೀಚ್ ಮರಗಳ ಕಾಡು, ದನಗಳ ಗಂಟೆ ಸದ್ದು. ಜಲ್ಲಿ, ಮಣ್ಣು ದಾರಿಗೆಂದೇ ಮಾಡಿದ ಗ್ರಾವೆಲ್ ಸೈಕಲ್ಲಿಗೆ ಇಷ್ಟು ಒಳ್ಳೆಯ ಜಾಗ ನಾನು ಬೇರೆ ನೋಡಿಲ್ಲ. ಆದರೆ ಇಲ್ಲಿ ಮ್ಯಾಪಿನ ಮೇಲೆ ದಾರಿಯ ಗೆರೆ ಎಳೆಯುವ ಮೊದಲು ನೆಲ ಯಾವುದು ಅಂತ ಕೇಳಿಕೊಳ್ಳಬೇಕು.

ಎರಡನೇ ಸಲ ಹಾಗೇ ಮಾಡಿದೆ. ಫ್ರಾನ್ಸಿನ ಸರ್ಕಾರಿ ನಕ್ಷೆ ಸಂಸ್ಥೆ ಐಜಿಎನ್‌ನ 1:25,000 ಕಾಗದದ ಮ್ಯಾಪ್ ಹರಡಿಕೊಂಡು ಎರಡು ಸಂಜೆ ಕೂತೆ. ಲಾವಾ ಹರಿದ ಜಾಗಗಳನ್ನು ಮೊದಲು ಪೆನ್ಸಿಲಿನಲ್ಲಿ ಗುರುತು ಮಾಡಿದೆ. ಅವುಗಳನ್ನು ದಾಟಲೇಬೇಕಾದ ಕಡೆ ಡಾಂಬರು ರಸ್ತೆ ಹಿಡಿದೆ. ಕೆಂಪು ಬಿಳಿ ಪಟ್ಟೆಯ ಗುರುತಿರುವ, ಜಿಆರ್ ಎಂಬ ಉದ್ದದ ದಾರಿಗಳು ನಡೆಯುವವರಿಗೆಂದು ಮಾಡಿದವು. ಅವುಗಳನ್ನು ಕುರುಡಾಗಿ ಹಿಂಬಾಲಿಸಬೇಡಿ, ಮೆಟ್ಟಿಲು ಎದುರಾಗುತ್ತವೆ. ನನಗೆ ಜಾಸ್ತಿ ನೆರವಾದದ್ದು ಮೌಂಟನ್ ಬೈಕಿನವರ ಗುರುತು: ಒಂದು ತ್ರಿಕೋನ, ಎರಡು ಚಕ್ರ. ನಡು ಫ್ರಾನ್ಸಿನ ಬೆಟ್ಟಸೀಮೆ ಮಾಸಿಫ್ ಸಾಂತ್ರಾಲ್ ಅನ್ನು ಪೂರ್ತಿ ದಾಟುವ ಜಿಟಿಎಂಸಿ ಎಂಬ ಉದ್ದದ ಸೈಕಲ್ ಹಾದಿಯೂ ಇದೇ ಸಾಲಿನ ಪಕ್ಕದಲ್ಲಿ ಹೋಗುತ್ತದೆ. ಅದರ ತುಂಡುಗಳನ್ನು ಅಲ್ಲಲ್ಲಿ ಸೇರಿಸಿಕೊಂಡೆ.

ವೋಲ್ವಿಕ್‌ನಿಂದ ಹೊರಟೆ. ಬಾಟಲಿ ನೀರಿನಿಂದ ಎಲ್ಲರಿಗೂ ಗೊತ್ತಿರುವ ಊರು. ಆದರೆ ನೀರು ಈ ಊರಿನಲ್ಲೇ ಯಾಕೆ ಅನ್ನುವುದು ಸೈಕಲ್ ತುಳಿಯುವವರಿಗೆ ತುಂಬ ಮುಖ್ಯ. ಮೇಲಿನ ಪ್ರಸ್ಥಭೂಮಿಯಲ್ಲಿ ಬಿದ್ದ ಮಳೆ ತೂತು ತೂತಾದ ಜ್ವಾಲಾಮುಖಿ ನೆಲದೊಳಗೆ ನೇರ ಇಳಿದುಬಿಡುತ್ತದೆ. ಒಳಗೊಳಗೇ ಹರಿದು, ಲಾವಾ ಮುಗಿಯುವ ಅಂಚಿನಲ್ಲಿ ಬುಗ್ಗೆಯಾಗಿ ಹೊರಬರುತ್ತದೆ. ಊರುಗಳೂ ಅಲ್ಲೇ ಹುಟ್ಟಿಕೊಂಡವು. ಅಂದರೆ ಮೇಲೆ ಎಷ್ಟೇ ಹಸಿರಿದ್ದರೂ ತೊರೆ ಇಲ್ಲ. ಮೊದಲ ಸಲ ಒಂದೂವರೆ ಲೀಟರ್ ಹಿಡಿದು ಹೋಗಿ ಮಧ್ಯಾಹ್ನಕ್ಕೇ ಬಾಯಿ ಒಣಗಿತ್ತು. ಹಸಿರು ನೋಡಿ ನೀರಿದೆ ಅಂದುಕೊಂಡಿದ್ದೆ. ಈ ಸಲ ಮೂರು ಲೀಟರ್ ತುಂಬಿಕೊಂಡೆ.

ಮೊದಲ ದಿನ ನುಜೇರ್ ಗುಡ್ಡದ ಪಕ್ಕದ ಕಾಡುದಾರಿ. ಆ ಗುಡ್ಡದಿಂದ ಹರಿದ ಲಾವಾವೇ ವೋಲ್ವಿಕ್ ಕಲ್ಲು. ಕ್ಲೆರ್ಮೋಂನ ಕಪ್ಪು ಕೆಥೆಡ್ರಲ್ ಕಟ್ಟಿದ್ದು ಅದರಿಂದಲೇ. ಅಲ್ಲಿಂದ ಲಾಂಟೇಜಿ. ಇದು ಜಲ್ಲಿಗಾಗಿ ಅಗೆದು ಅಗೆದು ಹೊಟ್ಟೆ ತೆರೆದಿಟ್ಟ ಜ್ವಾಲಾಮುಖಿ, ಒಳಗೆ ಹೋಗಿ ನೋಡಬಹುದು. ಒಂದು ಗಂಟೆ ಖರ್ಚು ಮಾಡಿ, ದಯವಿಟ್ಟು. ಗುಡ್ಡ ಹೇಗೆ ಕಟ್ಟಿಕೊಂಡಿದೆ ಅಂತ ಪದರ ಪದರವಾಗಿ ಕಂಡಮೇಲೆ ಚಕ್ರದ ಕೆಳಗಿನ ನೆಲ ಅರ್ಥವಾಗತೊಡಗಿತು.

ಇಲ್ಲಿನ ಜಲ್ಲಿಗೆ ಪುಜೊಲಾನ್ ಅಂತ ಹೆಸರು. ಅನಿಲ ತುಂಬಿದ ಲಾವಾ ಕಾರಂಜಿಯಂತೆ ಚಿಮ್ಮಿ, ಗಾಳಿಯಲ್ಲೇ ಗಟ್ಟಿಯಾಗಿ, ಉದುರಿದ ಕಲ್ಲು. ಕೈಗೆ ತೆಗೆದುಕೊಂಡರೆ ಹಗುರ, ಮೈಯೆಲ್ಲ ತೂತು, ಅಂಚು ಚೂಪು. ಕುಳಿಯ ಬಾಯಿಯ ಹತ್ತಿರ ಬಿಸಿ ಇದ್ದಾಗಲೇ ಅದರೊಳಗಿನ ಕಬ್ಬಿಣ ತುಕ್ಕು ಹಿಡಿದಂತಾಗಿ ಕೆಂಪಾಗುತ್ತದೆ. ದೂರದಲ್ಲಿ ಬಿದ್ದದ್ದು ಕಪ್ಪಾಗಿಯೇ ಉಳಿಯುತ್ತದೆ. ನೆಲ ಕೆಂಪಾಗುತ್ತಾ ಬಂತು ಅಂದರೆ ಗುಡ್ಡದ ಬಾಯಿ ಹತ್ತಿರ, ಕಡಿದಾದ ಏರು ಮುಂದಿದೆ ಅಂತ ನಾನು ಲೆಕ್ಕ ಹಾಕುತ್ತಿದ್ದೆ. ಹೆಚ್ಚು ಸಲ ಸರಿಯಾಯಿತು.

ಈ ಕಲ್ಲುಗಳನ್ನು ಕಟ್ಟಿ ಹಿಡಿಯಲು ನಡುವೆ ಸಣ್ಣ ಮಣ್ಣಿಲ್ಲ. ಗೋಲಿ ತುಂಬಿದ ತಟ್ಟೆಯ ಮೇಲೆ ಹೋದ ಹಾಗೆ ಮುಂದಿನ ಚಕ್ರ ಹೂತು ಪಕ್ಕಕ್ಕೆ ಸರಿಯುತ್ತದೆ. ಮರ ಸಾಗಿಸುವ ಲಾರಿ ಓಡಾಡಿದ ದಾರಿಯಾದರೆ ಕಲ್ಲು ಪುಡಿಯಾಗಿ ಗಟ್ಟಿ ಕೂತಿರುತ್ತದೆ. ಅಂಥ ದಾರಿ ಸಿಕ್ಕರೆ ಎರಡು ಕಿಲೋಮೀಟರ್ ಸುತ್ತಾದರೂ ಅದನ್ನೇ ಹಿಡಿಯಿರಿ. ಇನ್ನೊಂದು ವಿಷಯ ನನಗೆ ಆಶ್ಚರ್ಯ ತಂದಿತು. ಮಳೆ ಬಂದಮೇಲೆ ಪುಜೊಲಾನ್ ಇನ್ನೂ ಚೆನ್ನಾಗಿರುತ್ತದೆ. ನೀರು ನಿಲ್ಲುವುದಿಲ್ಲ, ಕಲ್ಲು ಕಲ್ಲಿಗೆ ಸ್ವಲ್ಪ ಅಂಟುತ್ತದೆ, ಕೆಸರಿಲ್ಲ. ಆದರೆ ಅದೇ ಮಳೆಯಲ್ಲಿ ಬೀಚ್ ಕಾಡಿನ ಬೇರುಗಳ ಮೇಲೆ ಚಕ್ರ ಸೋಪಿನ ಮೇಲೆ ಹೋದಂತೆ ಜಾರುತ್ತದೆ. ಹಾಗಾಗಿ ಮಳೆ ದಿನ ಕಾಡು ಬಿಟ್ಟು ಬಯಲಿನ ದಾರಿ ಹಿಡಿದೆ, ಬಿಸಿಲು ದಿನ ಕಾಡು.

ಟೈರಿನ ಮಾತು. ಮೊದಲ ಸಲ 38 ಮಿಲಿಮೀಟರ್ ಟೈರ್, ಮೂರು ಬಾರ್ ಗಾಳಿ. ತಪ್ಪು ಆಯ್ಕೆ. ಎರಡನೇ ಸಲ 45 ಹಾಕಿದೆ, ಟ್ಯೂಬ್‌ಲೆಸ್. ಮುಂದೆ 1.8 ಬಾರ್, ಹಿಂದೆ 2. ನನ್ನ ತೂಕ 68 ಕಿಲೋ, ಬ್ಯಾಗು 7 ಕಿಲೋ. ಚೂಪು ಕಲ್ಲು ಟೈರಿನ ಪಕ್ಕೆಯನ್ನೇ ಸೀಳುತ್ತದೆ, ಆದ್ದರಿಂದ ಪಕ್ಕೆ ಗಟ್ಟಿಯಿರುವ ಟೈರ್ ಬೇಕು. ಸೀಳಿದ ಕಡೆ ಒಳಗೆ ಇಡಲು ಒಂದು ತುಂಡು ಹಳೆ ಟೈರನ್ನೂ ಒಯ್ದಿದ್ದೆ, ಎರಡನೇ ದಿನ ಬೇಕಾಯಿತು. ಕಲ್ಲಿನ ಪುಡಿಯು ಉಪ್ಪುಕಾಗದದ ಹಾಗೆ ಚೈನನ್ನೂ ಬ್ರೇಕ್ ಪ್ಯಾಡನ್ನೂ ತಿನ್ನುತ್ತದೆ. ಪ್ರತಿ ಸಂಜೆ ಚೈನ್ ಒರೆಸಿ ಎಣ್ಣೆ ಹಾಕಿದೆ. ಏರು ಹತ್ತುವ ಹಗುರ ಗೇರಿನಲ್ಲಿ ಮುಂದಿನ ಹಲ್ಲುಚಕ್ರಕ್ಕಿಂತ ಹಿಂದಿನದರಲ್ಲಿ ಹಲ್ಲು ಜಾಸ್ತಿ ಇರಲಿ.

1,465 ಮೀಟರ್ ಎತ್ತರದ ಪುಯ್ ದ ಡೋಮ್ ಇಡೀ ದಿನ ಕಣ್ಣೆದುರಿಗೇ ಇರುತ್ತದೆ. 1952ರಲ್ಲಿ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸು ಮೊದಲ ಸಲ ಇಲ್ಲಿಗೆ ಹತ್ತಿದಾಗ ಫೌಸ್ಟೊ ಕೊಪ್ಪಿ ಗೆದ್ದರು. 1964ರಲ್ಲಿ ಅದೇ ರೇಸಿನ ಎದುರಾಳಿಗಳಾದ ಆಂಕೆಟಿಲ್, ಪುಲಿಡೋರ್ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ತುಳಿದದ್ದೂ ಇಲ್ಲೇ. ಆ ರಸ್ತೆಯಲ್ಲಿ ನಮ್ಮಂಥವರಿಗೆ ಈಗ ಸೈಕಲ್ ಬಿಡುವುದಿಲ್ಲ. ಹಲ್ಲುಚಕ್ರದ ರೈಲು ಓಡುತ್ತದೆ. ಬೇಜಾರಾಯಿತು, ನಿಜ. ಸೈಕಲ್ಲನ್ನು ಸೆಸಾ ಕಣಿವೆದಾರಿಯಲ್ಲಿ, ಅಂದರೆ ಗುಡ್ಡಗಳ ನಡುವೆ ರಸ್ತೆ ದಾಟುವ ಜಾಗದಲ್ಲಿ, ಬಿಟ್ಟು ಹಳೆಯ ಹೇಸರಗತ್ತೆ ದಾರಿಯಲ್ಲಿ ನಡೆದು ಹತ್ತಿದೆ. ತುದಿಯಲ್ಲಿ ರೋಮನ್ನರ ಕಾಲದ ಮರ್ಕ್ಯುರಿ ದೇವರ ಗುಡಿಯ ಅವಶೇಷ. ಸಾಲು ಪೂರ್ತಿ ಕೆಳಗೆ ಕಂಡಿತು, ನಾಳೆಯ ದಾರಿಯೂ ಸೇರಿ.

ರಾತ್ರಿ ಲಾಶಾಂ ಎಂಬ ಸಣ್ಣ ಊರಿನಲ್ಲಿ ತಂಗಿದೆ. ಸುಮಾರು 41,000 ವರ್ಷದ ಹಿಂದೆ ಭೂಮಿಯ ಕಾಂತಕ್ಷೇತ್ರ ಸ್ವಲ್ಪ ಕಾಲ ತಲೆಕೆಳಗಾಗಿತ್ತು. ಅದು ಮೊದಲು ಗೊತ್ತಾದದ್ದು ಇಲ್ಲಿನ ಲಾವಾದಲ್ಲಿ, 1960ರ ದಶಕದಲ್ಲಿ. ವಿಜ್ಞಾನಿಗಳು ಆ ಘಟನೆಗೆ ಈ ಊರಿನ ಹೆಸರನ್ನೇ ಇಟ್ಟಿದ್ದಾರೆ.

ಎರಡನೇ ದಿನ ಪುಯ್ ದ ಲಾ ವಾಶ್ ಬುಡಕ್ಕೆ ಹೋದೆ. ಅದರ ಕುಳಿಯ ಒಂದು ಗೋಡೆ ಒಡೆದು ಲಾವಾ ಹೊರಗೆ ನುಗ್ಗಿದೆ, ಒಳಗೆಲ್ಲ ಕೆಂಪು. ಹತ್ತುವುದು ಮರದ ಮೆಟ್ಟಿಲಿನಲ್ಲಿ. ಸೈಕಲ್ ಕೆಳಗೇ ಬಿಟ್ಟೆ. ಈ ಇಳಿಜಾರುಗಳ ಮೇಲೆ ಒಂದು ಚಕ್ರದ ಗೆರೆ ಬಿದ್ದರೆ ಮಳೆ ಅದನ್ನೇ ಕಾಲುವೆ ಮಾಡಿಬಿಡುತ್ತದೆ. ಹುಲ್ಲು ಮತ್ತೆ ಹಿಡಿಯಲು ವರ್ಷಗಳೇ ಬೇಕು. ಯಾರೂ ನೋಡುತ್ತಿಲ್ಲ ಅಂತ ಇಳಿಯಬೇಡಿ.

ಇಲ್ಲಿಂದ ಹೊರಟ ಲಾವಾವೇ ಮುಂದೆ ವೇರ್ ಹೊಳೆಗೆ ಅಡ್ಡ ನಿಂತು ಎದಾ ಕೆರೆ ಮಾಡಿದ್ದು. ಮೊದಲ ಸಲ ಹೊತ್ತು ನಡೆದ ಬಂಡೆಗಳೂ ಅದೇ. ಈ ಸಲ ಅದರ ಅಂಚಿನ ರಸ್ತೆಯಲ್ಲಿ ಇಳಿದೆ. ಇಪ್ಪತ್ತೇ ನಿಮಿಷ ಹಿಡಿಯಿತು.

ಎದಾದಿಂದ ಸೆರ್ವಿಯೇರ್ ಕೆರೆಗೆ ಉದ್ದದ ಏರು, 350 ಮೀಟರಿಗೂ ಜಾಸ್ತಿ. ಮೇಲೆ ಬಯಲು, ದನ, ಬೇಲಿ. ಬೇಲಿಯ ಗೇಟು ಹೇಗಿತ್ತೋ ಹಾಗೇ ಮುಚ್ಚಿ. ಗೇರಿ ಕಣಿವೆದಾರಿಯ ಎತ್ತರ 1,268 ಮೀಟರ್. ಅಲ್ಲಿ ತುಯಿಲಿಯೇರ್, ಸನದ್ವಾರ್ ಎಂಬ ಎರಡು ಬಂಡೆಗಳು ಎದುರುಬದುರು ನಿಂತಿವೆ. ಫೋನೊಲೈಟ್ ಕಲ್ಲು, ಬಡಿದರೆ ನಾದ ಬರುತ್ತದೆ. ಹಾಳೆ ಹಾಳೆಯಾಗಿ ಸೀಳುವುದರಿಂದ ಹಿಂದೆ ಇದನ್ನು ಮನೆ ಹೊದಿಸಲು ಒಯ್ಯುತ್ತಿದ್ದರು. ತುಯಿಲಿಯೇರ್ ಅನ್ನುವ ಹೆಸರು ಹಂಚಿನಿಂದ ಬಂದದ್ದು.

ಮೂರನೇ ದಿನ ಮಂಜು. 1,401 ಮೀಟರಿನ ಕ್ರ್ವಾ ಮೊರಾಂ ಕಣಿವೆದಾರಿಯನ್ನು ಡಾಂಬರಿನಲ್ಲೇ ದಾಟಿದೆ. ಹತ್ತು ಮೀಟರ್ ಕಾಣದಾಗ ಬಯಲಿನ ಕಾಲುದಾರಿ ನಂಬುವುದು ಸರಿಯಲ್ಲ. ಶಾಂಬೋಂ ಕೆರೆಗೆ ಇಳಿಯುವಾಗ ಮಂಜು ಬಿಟ್ಟಿತು. ಬೆಸ್ ಊರಿನಲ್ಲಿ ರೊಟ್ಟಿ, ಸೇಂಟ್ ನೆಕ್ಟೇರ್ ಚೀಸ್ ತಿಂದು, ಕೊನೆಯ ಏರು ಹತ್ತಿ ಪಾವಾಂ ಕೆರೆಗೆ ಬಂದೆ. ಸುಮಾರು 7,000 ವರ್ಷದ ಹಿಂದಿನ ಸ್ಫೋಟದ ಗುಂಡನೆಯ ಕುಳಿ, 92 ಮೀಟರ್ ಆಳ. ಇದರ ತಳದ ನೀರು ಮೇಲಿನ ನೀರಿನೊಡನೆ ಬೆರೆಯುವುದೇ ಇಲ್ಲವಂತೆ. ಸೈಕಲ್ ಮರಕ್ಕೊರಗಿಸಿ, ಶೂ ಬಿಚ್ಚಿ, ಒಳಗೆ ತುಂಬಿದ್ದ ಕೆಂಪು ಕಲ್ಲುಗಳನ್ನು ಕೊಡವಿದೆ.