ಕೇರಂ ಬೋರ್ಡಿನ ಮೇಲೊಂದು ಮೇಜು: ಮೂರು ಸಾವಿರದಲ್ಲಿ ನಮ್ಮ ಆಟದ ಮೂಲೆ

ಭಾನುವಾರ ಸಂಜೆ ನಮ್ಮ ಮನೆಯಲ್ಲಿ ಆಟ ಇದ್ದೇ ಇರುತ್ತದೆ. ಕ್ಯಾಟಾನ್ ಅನ್ನೋ ಬೋರ್ಡ್ ಗೇಮ್ ಇರಬಹುದು, ಇಸ್ಪೀಟ್ ಇರಬಹುದು. ಅಜ್ಜಿಗೆ ಮನಸ್ಸು ಬಂದರೆ ಚೌಕಾಬಾರ. ಮೈಸೂರಿನಲ್ಲಿ ಬಾಡಿಗೆ ಮನೆ, ಮೊದಲ ಮಹಡಿ. ಆಟಕ್ಕೆ ಸಿಕ್ಕಿದ್ದು ಹತ್ತಡಿಗೆ ಹನ್ನೊಂದಡಿಯ ಒಂದು ಕೋಣೆ. ಬಟ್ಟೆ ಇಸ್ತ್ರಿ ಮಾಡುವುದೂ ಅಲ್ಲೇ, ನೆಂಟರು ಬಂದರೆ ಮಲಗುವುದೂ ಅಲ್ಲೇ.

ಮೊದಲೆಲ್ಲ ನೆಲಕ್ಕೆ ಚಾಪೆ ಹಾಸಿಕೊಂಡು ಆಡುತ್ತಿದ್ದೆವು. ಒಂದು ಗಂಟೆ ಕಳೆಯುವಷ್ಟರಲ್ಲಿ ಒಬ್ಬೊಬ್ಬರೇ ಗೋಡೆಗೆ ಒರಗುತ್ತಿದ್ದರು. ಅಜ್ಜಿಗೆ ಮಂಡಿನೋವು, ಮಂಚದ ಮೇಲಿಂದಲೇ ನೋಡುತ್ತಿದ್ದರು. ಆಟ ಅರ್ಧಕ್ಕೆ ನಿಂತಾಗೆಲ್ಲ ನನಗೆ ಬೇಜಾರಾಗುತ್ತಿತ್ತು. ಹಾಗಾಗಿ ಎರಡು ಭಾನುವಾರ ಆಡುವಾಗ ಪಕ್ಕದಲ್ಲಿ ಒಂದು ಪುಸ್ತಕ ಇಟ್ಟುಕೊಂಡೆ. ಯಾರು ಯಾವಾಗ ಎದ್ದರು, ಏನು ಗೊಣಗಿದರು ಅಂತ ಬರೆದೆ. ಬೆನ್ನು ನೋವು. ಕಾರ್ಡಿನ ಅಕ್ಷರ ಕಾಣುತ್ತಿಲ್ಲ. ಫ್ಯಾನ್ ಗಾಳಿಗೆ ಕಾರ್ಡ್ ಹಾರಿತು. ಟೀ ಲೋಟ ಎಲ್ಲಿ ಇಡಲಿ? ಎರಡು ವಾರವೂ ಇವೇ ನಾಲ್ಕು. ಹೊಸ ಆಟ ಬೇಕು ಅಂತ ಒಬ್ಬರೂ ಕೇಳಿರಲಿಲ್ಲ. ಹೊಸ ಆಟಕ್ಕೆಂದು ಎತ್ತಿಟ್ಟಿದ್ದ ಮೂರು ಸಾವಿರ ರೂಪಾಯಿಯನ್ನು ಕೋಣೆಗೇ ಹಾಕೋಣ ಅಂತ ಆಗ ತೀರ್ಮಾನಿಸಿದೆ.

ಮೇಜು ಕೊಳ್ಳುವ ಯೋಚನೆ ಬಿಟ್ಟೆ. ಮಡಚುವ ಮೇಜುಗಳು ಅಲ್ಲಾಡುತ್ತವೆ, ಗಟ್ಟಿಯಾದವು ಕೋಣೆಯನ್ನೇ ನುಂಗುತ್ತವೆ. ಮನೆಯಲ್ಲಿ ಹಳೆಯ ಕೇರಂ ಬೋರ್ಡ್ ಮತ್ತು ಅದರ ಸ್ಟ್ಯಾಂಡ್ ಇತ್ತು. ಕೇರಂ ಆಡುವ ಜಾಗ 74 ಸೆಂಟಿಮೀಟರ್ ಚದರ. ಚೌಕಟ್ಟು ಸೇರಿಸಿದರೆ ನಮ್ಮ ಬೋರ್ಡ್ ಹೊರಗಿನಿಂದ 34 ಇಂಚು ಬರುತ್ತದೆ. ಪಂದ್ಯದ ನಿಯಮದ ಪ್ರಕಾರ ಬೋರ್ಡ್ ನೆಲದಿಂದ 63ರಿಂದ 70 ಸೆಂಟಿಮೀಟರ್ ಎತ್ತರದಲ್ಲಿರಬೇಕು. ಸಾಮಾನ್ಯ ಕುರ್ಚಿಯಲ್ಲಿ ಕೂತು ಕಾರ್ಡ್ ಆಡುವುದಕ್ಕೂ ಆ ಎತ್ತರ ಸರಿಹೊಂದುತ್ತದೆ. ಅಂದರೆ ನನಗೆ ಬೇಕಿದ್ದದ್ದು ಮೇಜಲ್ಲ, ಒಂದು ಮುಚ್ಚಳ.

ಪ್ಲೈವುಡ್ ಅಂಗಡಿಯಲ್ಲಿ ಕಟ್ ಪೀಸ್ ಕೇಳಿ. ಬೇರೆಯವರ ಕೆಲಸದಲ್ಲಿ ಮಿಕ್ಕ ತುಂಡು ಇಡೀ ಹಾಳೆಗಿಂತ ತುಂಬಾ ಕಡಿಮೆಗೆ ಸಿಗುತ್ತದೆ. ನನಗೆ 12 ಎಂಎಂ ದಪ್ಪದ್ದು ಸಿಕ್ಕಿತು. ಮೊದಲ ಸಲ ಆಸೆಪಟ್ಟು 48 ಇಂಚು ಚದರ ಇಟ್ಟುಕೊಂಡೆ. ಅದು ತಪ್ಪಾಯಿತು. ನಮ್ಮ ದೊಡ್ಡಮ್ಮ ಎದ್ದೇಳುವಾಗ ಅಂಚಿನ ಮೇಲೆ ಎರಡೂ ಕೈ ಊರಿದರು, ಹಲಗೆ ಆ ಕಡೆ ಮೇಲಕ್ಕೆದ್ದು ಆಟವೆಲ್ಲ ನೆಲಕ್ಕೆ ಬಿತ್ತು. ದೊಡ್ಡಮ್ಮನಿಗೆ ಏಟಾಗಲಿಲ್ಲ, ಆದರೆ ಅವರು ಹೆದರಿದ್ದು ನೋಡಿ ನನಗೆ ಕೈ ನಡುಗಿತು. ಮಾರನೇ ದಿನವೇ 40 ಇಂಚಿಗೆ ಕೊಯ್ಯಿಸಿದೆ. ಈಗ ಹಲಗೆ ಸುತ್ತಲೂ ಮೂರೇ ಇಂಚು ಹೊರಗೆ ಚಾಚಿದೆ. ಅಡಿಯಲ್ಲಿ ನಾಲ್ಕು ಮರದ ಪಟ್ಟಿ ಹೊಡೆಸಿದೆ. ಅವು ಕೇರಂ ಚೌಕಟ್ಟನ್ನು ಹೊರಗಿನಿಂದ ಡಬ್ಬದ ಮುಚ್ಚಳದ ಹಾಗೆ ಅಪ್ಪಿಕೊಳ್ಳುತ್ತವೆ, ಹಲಗೆ ಜಾರುವುದಿಲ್ಲ. ಹಲಗೆ ಕೂರುವುದು ಚೌಕಟ್ಟಿನ ಮೇಲೆ. ಹಾಗಾಗಿ ಒಳಗಿನ ನುಣುಪಿಗೆ ಏನೂ ತಾಗುವುದಿಲ್ಲ, ಧೂಳೂ ಬೀಳುವುದಿಲ್ಲ. ಕೇರಂ ಆಡಬೇಕೆಂದರೆ ಮುಚ್ಚಳ ಎತ್ತಿದರಾಯಿತು.

ಇನ್ನು ಬೆಳಕು. ನನ್ನನ್ನು ಅತಿ ಹೆಚ್ಚು ಕಾಡಿದ್ದು ಇದೇ. ಹಣ ಕಡಿಮೆ ಇದ್ದವರು ಮೊದಲು ಕೈಹಾಕಬೇಕಾದದ್ದೂ ಇದಕ್ಕೇ ಅಂತ ನನಗೆ ಖಚಿತವಾಗಿ ಅನಿಸುತ್ತದೆ. ನಮ್ಮ ಕೋಣೆಗಳಲ್ಲಿ ಚಾವಣಿಯ ನಡುವೆ ಫ್ಯಾನ್ ಇರುತ್ತದೆ, ಟ್ಯೂಬ್‌ಲೈಟ್ ಗೋಡೆಯ ಮೇಲಿರುತ್ತದೆ. ಮೇಜನ್ನು ನಡುವೆ ಇಟ್ಟರೆ ತಲೆಯ ನೆರಳು ಕಾರ್ಡಿನ ಮೇಲೆ ಬೀಳುತ್ತದೆ. ಗಾಳಿ ನೇರವಾಗಿ ಆಟದ ಮೇಲೆ ಹೊಡೆಯುತ್ತದೆ. ಫ್ಯಾನಿಗಿಂತ ಮೇಲೆ ದೀಪ ಇದ್ದರಂತೂ ರೆಕ್ಕೆಯ ನೆರಳು ಸುತ್ತುತ್ತಾ ಬೆಳಕು ಮಿನುಗುತ್ತದೆ. ಅದರಿಂದ ತಲೆನೋವೂ ಬರಬಹುದು. ಮೇಜನ್ನು ಮೂಲೆಯ ಕಡೆಗೆ ಸರಿಸಿದೆ. ಬೇಸಿಗೆಯನ್ನು ಗಾಳಿಯಿಲ್ಲದೆ ಹಾಗೇ ತಳ್ಳಲು ಆಗಲ್ಲ ಅಲ್ವಾ? ಸೀಲಿಂಗ್ ಫ್ಯಾನ್ ನಿಲ್ಲಿಸಿ, ಟೇಬಲ್ ಫ್ಯಾನನ್ನು ನೆಲದ ಮೇಲಿಟ್ಟು ಎದುರು ಗೋಡೆಗೆ ತಿರುಗಿಸುತ್ತೇವೆ. ಗಾಳಿ ಗೋಡೆಗೆ ಬಡಿದು ಕೋಣೆಯೆಲ್ಲ ಹರಡುತ್ತದೆ. ಕಾಲಿಗೆ ತಂಪು ಸಿಗುತ್ತದೆ, ಕಾರ್ಡು ಅಲ್ಲಾಡುವುದಿಲ್ಲ.

ದೀಪಕ್ಕೆ ಎಲೆಕ್ಟ್ರಿಷಿಯನ್ ಅವರನ್ನೇ ಕರೆಸಿದೆ, ಇದರಲ್ಲಿ ಉಳಿತಾಯ ಬೇಡ. ಗೋಡೆಯ ಹೋಲ್ಡರಿನಿಂದ ವೈರ್ ಎಳೆದು, ಚಾವಣಿಗೆ ಒಂದು ಕೊಕ್ಕೆ ಹಾಕಿ, ಮೇಜಿನ ನಡುವಿಗೆ ದೀಪ ಇಳಿಬಿಟ್ಟರು. ಮೇಲೆ ಬಿದಿರಿನ ಬುಟ್ಟಿಯನ್ನು ಬೋರಲು ಹಾಕಿದೆ. ನೋಡಲು ಬಹಳ ಚೆಂದವಿತ್ತು. ಆದರೆ ಹೆಣಿಗೆಯ ಸಂದಿನಿಂದ ಬೆಳಕು ಸೋರಿ ಕಣ್ಣಿಗೆ ಚುಚ್ಚುತ್ತಿತ್ತು, ಗೋಡೆಯ ಮೇಲೆಲ್ಲ ಗೆರೆಗೆರೆ ನೆರಳು. ಒಳಗೆ ಬಿಳಿ ಡ್ರಾಯಿಂಗ್ ಕಾಗದವನ್ನು ಬಲ್ಬಿನಿಂದ ಸಾಕಷ್ಟು ದೂರ ಇರುವಂತೆ ಸುತ್ತಿದ ಮೇಲೆ ಬೆಳಕೆಲ್ಲ ಕೆಳಗೆ ಮೇಜಿನ ಮೇಲೇ ಬಿತ್ತು. ಬುಟ್ಟಿಯ ಬಾಯಿ ಮೇಜಿನಿಂದ ಎರಡೂವರೆ ಅಡಿ ಎತ್ತರದಲ್ಲಿದೆ. ಅದಕ್ಕಿಂತ ಕೆಳಗಿದ್ದರೆ ಎದುರು ಕೂತವರ ಮುಖ ಕಾಣಲ್ಲ, ಮೇಲಿದ್ದರೆ ಬಲ್ಬು ಕಣ್ಣಿಗೆ ಹೊಡೆಯುತ್ತದೆ.

ಬಲ್ಬಿನ ಡಬ್ಬಿಯ ಮೇಲೆ ವ್ಯಾಟ್ ಜೊತೆಗೆ ಕೆಲ್ವಿನ್ ಅಂತ ಬೆಳಕಿನ ಬಣ್ಣ ಹೇಳುವ ಒಂದು ಸಂಖ್ಯೆ ಇರುತ್ತದೆ, ಅದನ್ನೂ ನೋಡಿ. 3000ದ ಹಳದಿ ಬೆಳಕಿನಲ್ಲಿ ಕ್ಯಾಟಾನ್‌ನ ಕಿತ್ತಳೆ ಮತ್ತು ಕೆಂಪು ತುಂಡುಗಳು ನಮಗೆ ಒಂದೇ ಥರ ಕಂಡವು. 6500ರ ಬೆಳಕು ಅಂಗಡಿಯ ಥರ, ರಾತ್ರಿ ಹೊತ್ತು ಕಣ್ಣಿಗೆ ಹಿತವಲ್ಲ. 4000ದ 9 ವ್ಯಾಟ್ ಎಲ್‌ಇಡಿ ಹಾಕಿದ ದಿನ ಅಜ್ಜಿ ಕನ್ನಡಕ ಇಲ್ಲದೆ ಇಸ್ಪೀಟಿನ ಎಲೆ ಗುರುತಿಸಿದರು. ನನಗೆ ಎಷ್ಟು ಸಂತೋಷವಾಯಿತೆಂದು ಹೇಳಲಾರೆ.

ಹಲಗೆಯ ಮೇಲೆ ಮೊದಲು ಮಖಮಲ್ಲು ಹಾಸಿದೆ. ಬೇಡ, ತಗೋಬೇಡಿ. ಅದು ಧೂಳು ಹಿಡಿಯುತ್ತದೆ, ಕಾರ್ಡು ಜಾರುವುದೇ ಇಲ್ಲ. ಈಗಿರುವುದು ಹಳೆಯ ಯೋಗ ಮ್ಯಾಟ್, ಅದರ ಮೇಲೆ ಕಡುಹಸಿರು ಖಾದಿ ಬಟ್ಟೆ. ಮ್ಯಾಟ್ 24 ಇಂಚು ಅಗಲ, 72 ಇಂಚು ಉದ್ದ. ಮೊದಲು 40 ಇಂಚು ಕತ್ತರಿಸಿ ಇಟ್ಟುಕೊಂಡೆ. ಉಳಿದ 32 ಇಂಚಿನಲ್ಲಿ 16 ಇಂಚು ಅಗಲದ ಪಟ್ಟಿ, ಕೊನೆಯ ಮೂಲೆಗೆ 16ಕ್ಕೆ 8ರ ಒಂದು ಚೂರು. ಒಂದೇ ಮ್ಯಾಟಿನಲ್ಲಿ ಇಡೀ ಹಲಗೆ ಮುಚ್ಚಿತು. ದಪ್ಪ ಬಟ್ಟೆಯ ಕೆಳಗೆ ಜೋಡಣೆ ಗೊತ್ತಾಗುವುದಿಲ್ಲ. ಬಟ್ಟೆಯನ್ನು ಅಂಟಿಸಲಿಲ್ಲ. ಟೈಲರ್ ಹತ್ತಿರ ಅಂಚಿಗೆ ಎಲಾಸ್ಟಿಕ್ ಹಾಕಿಸಿದೆ, ದಿಂಬಿನ ಕವರಿನ ಥರ ತೆಗೆದು ಒಗೆಯಬಹುದು. ಮೆತ್ತನೆ ಹಾಸಿನ ಮೇಲಿರುವ ಕಾರ್ಡನ್ನು ಉಗುರು ಹಾಕದೆ ಸುಲಭವಾಗಿ ಎತ್ತಬಹುದು. ದಾಳ ಹಾರಿ ಕೆಳಗೆ ಬೀಳುವುದೂ ನಿಂತಿತು.

ಆದರೆ ಅಜ್ಜಿ ಒಪ್ಪಲಿಲ್ಲ. "ಸದ್ದೇ ಇಲ್ಲದ ಕವಡೆ ಆಟ ಏನು ಚೆಂದ ಕಣೇ" ಅಂದರು. ಅವರ ಮಾತು ನಿಜ. ಚೌಕಾಬಾರದಲ್ಲಿ ನಾಲ್ಕು ಕವಡೆಯೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಕವಡೆ ಚೆನ್ನಾಗಿ ಉರುಳಬೇಕು, ಮೆತ್ತನೆ ಬಟ್ಟೆಯ ಮೇಲೆ ಅದು ಬಿದ್ದಲ್ಲೇ ಕೂರುತ್ತದೆ. ಮನೆಯಲ್ಲಿ ಒಂದು ಪ್ಲೈವುಡ್ ತುಂಡಿತ್ತು. ಅದನ್ನು 15 ಇಂಚು ಚದರಕ್ಕೆ ಕತ್ತರಿಸಿ, ಪಾಲಿಶ್ ಪೇಪರಿನಿಂದ ಉಜ್ಜಿ, ಮೂರು ಮೂರು ಇಂಚಿನ 25 ಮನೆ ಬರೆದೆ. ನಾಲ್ಕು ಬದಿಯ ನಡುವಿನ ಮನೆಗೆ, ಮಧ್ಯದ ಮನೆಗೆ ಅಜ್ಜಿಯೇ ಕೆಂಪು ಬಣ್ಣದಲ್ಲಿ ಗುಣಿಸು ಗುರುತು ಎಳೆದರು. ಅದನ್ನು ಬಟ್ಟೆಯ ಮೇಲಿಟ್ಟು ಆಡುತ್ತೇವೆ. ಪಕ್ಕದಲ್ಲಿ ಇನ್ನೊಂದು ಬರಿಯ ತುಂಡು, ಕವಡೆ ಹಾಕಲಿಕ್ಕೆ.

ಸಣ್ಣ ತುಂಡುಗಳಿಗೆ ಹಳೆಯ ಒಗ್ಗರಣೆ ಡಬ್ಬಿ ಸಾಕು. ಏಳು ಬಟ್ಟಲು, ಒಂದೇ ಮುಚ್ಚಳ. ಇಂಗಿನ ವಾಸನೆ ಹೋಗಲು ನಿಂಬೆಸಿಪ್ಪೆ ತಿಕ್ಕಿ ಎರಡು ದಿನ ಬಿಸಿಲಿಗೆ ಇಟ್ಟೆ. ಆಟಗಾರರ ಮುಂದೆ ಒಂದೊಂದು ಇಡ್ಲಿ ತಟ್ಟೆ, ಕುಳಿಗಳಲ್ಲಿ ಅವರವರ ತುಂಡು. ಕಾರ್ಡಿಗೆ ರಬ್ಬರ್ ಬ್ಯಾಂಡ್ ಹಾಕಬೇಡಿ, ಬೇಸಿಗೆಯಲ್ಲಿ ಕರಗಿ ಅಂಟಿಕೊಳ್ಳುತ್ತದೆ. ಜಿಪ್ ಕವರ್ ಒಳ್ಳೆಯದು. ಕುರ್ಚಿಯ ಕಾಲಿಗೆ ಸೈಕಲ್ ಟ್ಯೂಬಿನ ತುಂಡು ಸಿಕ್ಕಿಸಿದ ಮೇಲೆ ಕೆಳಗಿನ ಮನೆಯವರಿಗೂ ಎಳೆದಾಟದ ಸದ್ದಿಲ್ಲ. ಟೀಗೆ ಇಬ್ಬರಿಗೊಂದು ಸ್ಟೂಲ್, ಮೇಜಿಗಿಂತ ತಗ್ಗಿನದು. ಲೋಟ ಉರುಳಿದರೂ ಚಹಾ ಆಟದ ಮೇಲೆ ಬರುವುದಿಲ್ಲ.

ಲೆಕ್ಕ ಹೇಳುತ್ತೇನೆ. ಪ್ಲೈ 800, ಪಟ್ಟಿ 140, ಖಾದಿ 480, ಟೈಲರಿಗೆ 100, ವೈರ್, ಹೋಲ್ಡರ್, ಬಲ್ಬು ಸೇರಿ 420, ಎಲೆಕ್ಟ್ರಿಷಿಯನ್ ಕೂಲಿ 300, ಬುಟ್ಟಿ 120, ನಾಲ್ಕು ಕುರ್ಚಿ ದಿಂಬು 600, ಜಿಪ್ ಕವರ್ 90. ಒಟ್ಟು 3,050 ರೂಪಾಯಿ. ಮಖಮಲ್ಲಿಗೆ ಹೋದ 350 ಇದರಲ್ಲಿ ಸೇರಿಲ್ಲ.

ಈಗ ಅಜ್ಜಿ ಕಿಟಕಿ ಪಕ್ಕದ ಕುರ್ಚಿ ಹಿಡಿದಿದ್ದಾರೆ. ಹೋದ ವಾರ ಚೌಕಾಬಾರ ಮುಗಿದಾಗ ರಾತ್ರಿ ಒಂಬತ್ತೂವರೆ. ಇನ್ನೊಂದು ಆಟ ಹಾಕು ಅಂದವರೂ ಅವರೇ.