ಸುಟ್ಟ ತಾಮ್ರ ವಾಪಸ್ ಕೊಟ್ಟ ಮೇಲೆ

ನನ್ನ ಕಸುಬು ರಿವೈಂಡಿಂಗ್, ಅಂದರೆ ಸುಟ್ಟ ಮೋಟಾರಿನ ತಂತಿ ಬಿಚ್ಚಿ ಹೊಸದಾಗಿ ಸುತ್ತೋದು. 2017ರಲ್ಲಿ ನಾನು ನೇಪಾಳದ ಬಾಗ್ಲುಂಗ್‌ಗೆ ಹೊರಟಾಗ ನಮ್ಮ ಕ್ರೈಸ್ತ ಸಭೆಯ ಹಿರಿಯರೊಬ್ಬರು, "ಮೋಟಾರ್ ರಿವೈಂಡಿಂಗ್ ತುಮಕೂರಲ್ಲೇ ಮಾಡಬಹುದಲ್ಲಪ್ಪ, ಅಲ್ಲಿ ಮಾಡಿದ್ರೆ ಮಾತ್ರ ಸೇವೆ ಆಗುತ್ತಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾವ ಮಿಷನ್ನಿನ ಸಂಬಳವೂ ಇರಲಿಲ್ಲ. ಬೈಬಲಿನ ಪೌಲ ಕೊರಿಂಥದಲ್ಲಿ ಗುಡಾರ ಮಾಡಿ ಹೊಟ್ಟೆ ಹೊರೆದ, ನಾನು ಕಾಯಿಲ್ ಸುತ್ತಿ ಹೊರೆಯುತ್ತೇನೆ ಅಂತ ಗೋರಖ್‌ಪುರದ ರೈಲು ಹತ್ತಿದೆ. ಅಲ್ಲಿಂದ ಸುನೌಲಿ ಗಡಿ, ಬುಟ್ವಲ್, ಪೋಖರಾ. ಭಾರತದವರಿಗೆ ವೀಸಾ ಬೇಡ, ಅದೊಂದೇ ಸುಲಭ.

ಕೈಯಲ್ಲಿದ್ದದ್ದು ಸುಮಾರು 1 ಲಕ್ಷ 80 ಸಾವಿರ. ನಮ್ಮ 100 ರೂಪಾಯಿ ಅಲ್ಲಿ 160. ಜಾಸ್ತಿ ಅನಿಸಿತು, ಆದರೆ ತಾಮ್ರದ ತಂತಿ, ವಾರ್ನಿಶ್, ಬೇರಿಂಗ್ ಕೊಳ್ಳುವಾಗ ಕರಗಿಹೋಯಿತು. ಅಂಗಡಿ ಅಲ್ಲಿಯ ಒಬ್ಬ ದಾಜುವಿನ (ನೇಪಾಳಿಯಲ್ಲಿ ಅಣ್ಣ) ಹೆಸರಲ್ಲಿ, ನಾನು ಮಿಸ್ತ್ರಿ. ಲಾಭ ಹಂಚಿಕೊಳ್ಳುವ ಕಾಗದ ಹೇಗೆ ಬರೆದೆವು ಅನ್ನೋದು ಇಲ್ಲಿ ಬೇಡ.

ಮೊದಲ ವರ್ಷ ಮರ್ಯಾದೆ ಹೋಯಿತು. ಹತ್ತು ಹನ್ನೊಂದು ಮೋಟಾರ್ ಮತ್ತೆ ಸುಟ್ಟು ವಾಪಸ್ ಬಂದವು. ಎಲ್ಲಾ ಹಿಟ್ಟಿನ ಗಿರಣಿಯವು. ಊರಿನ ಲೆಕ್ಕದಲ್ಲೇ 230 ವೋಲ್ಟಿಗೆ ಸುತ್ತಿದ್ದೆ. ಅಲ್ಲಿ ಕರೆಂಟ್ ಕೊಡೋದು ಹಳ್ಳದ ನೀರಿನ ಸಣ್ಣ ಟರ್ಬೈನ್. ಸಂಜೆ ಎಲ್ಲರೂ ರೈಸ್ ಕುಕ್ಕರ್ ಹಾಕಿದರೆ 170ಕ್ಕೆ ಇಳಿಯುತ್ತೆ. ಅದೇ ಹೊತ್ತಿಗೆ ಗಿರಣಿಯನ್ನೂ ಓಡಿಸುತ್ತಾರೆ! ವೋಲ್ಟ್ ಕಮ್ಮಿಯಾದರೆ ಮೋಟಾರ್ ಕಾದು ಸುಡುತ್ತೆ. ತಂತಿಯ ಗೇಜು (ದಪ್ಪ), ಸುತ್ತು ಎರಡನ್ನೂ ಬದಲಾಯಿಸಿದೆ. ಎಷ್ಟು ಅಂತ ಕೇಳಬೇಡಿ, ಅದು ನನ್ನ ಅನ್ನ. ಅವತ್ತಿನಿಂದ ವರ್ಷಕ್ಕೆ ಒಂದೆರಡು ವಾಪಸ್ ಬಂದರೆ ಹೆಚ್ಚು.

ಇನ್ನೊಂದು ಕಾಟ ಮಳೆ. ನೇಪಾಳದಲ್ಲೇ ಅತಿ ಹೆಚ್ಚು ಮಳೆ ಬೀಳೋ ಲುಮ್ಲೆ ಪೋಖರಾದಿಂದ ಬರುವ ದಾರಿಯಲ್ಲೇ ಇದೆ. ಸುತ್ತಿದ ಕಾಯಿಲ್‌ಗೆ ಹಾಕಿದ ವಾರ್ನಿಶ್ ಒಣಗೋದೇ ಇಲ್ಲ. ತಗಡಿನ ಡ್ರಮ್ಮನ್ನು ಸೌದೆ ಒಲೆ ಮೇಲಿಟ್ಟು ನೋಡಿದೆ, ಕಾಯಿಲ್ ಕೂರುವ ಸಂದಿಗೆ ಹಾಕೋ ಸ್ಲಾಟ್ ಪೇಪರ್ ಕರಕಲಾಯಿತು. ಡ್ರಮ್ಮಿನೊಳಗೆ 200 ವ್ಯಾಟಿನ ಬಲ್ಬು ಹಾಕಿದ ಮೇಲೆ ಸರಿಹೋಯಿತು. ಅದೇ ಡ್ರಮ್ಮಲ್ಲಿ ಒಮ್ಮೆ ಹಪ್ಪಳ ಒಣಗಿಸಿದೆ. ವಾರ್ನಿಶ್ ವಾಸನೆ, ನಾಯಿಯೂ ಮುಟ್ಟಲಿಲ್ಲ.

2018ರ ಕೊನೆಗೆ ನೂರಕ್ಕಿಂತ ದೊಡ್ಡ ಭಾರತದ ನೋಟು ಅಲ್ಲಿ ನಡೆಯಲ್ಲ ಅಂದರು. ನನ್ನ ಹತ್ತಿರ ಐನೂರರ ಒಂದು ಕಟ್ಟು ಇತ್ತು. ಬದಲಾಯಿಸೋಕೆ ಗಡಿಗೆ ಹೋಗಿ ಬಂದ ಖರ್ಚು ಬೇರೆ. ಅದೇ ವರ್ಷದ ಆಗಸ್ಟಿನಲ್ಲಿ ಹೊಸ ಅಪರಾಧ ಸಂಹಿತೆಯೂ ಜಾರಿಯಾಗಿತ್ತು. ಮತಾಂತರ ಮಾಡಿಸಿದರೆ 5 ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ. ಹೊರಗಿನವನಾದರೆ ಶಿಕ್ಷೆ ಮುಗಿದ ಮೇಲೆ ಗಡೀಪಾರು. ನಾನು ಕರಪತ್ರ ಇಡಲಿಲ್ಲ, ನಾನಾಗಿ ನನ್ನ ನಂಬಿಕೆಯ ಮಾತೂ ತೆಗೆಯಲಿಲ್ಲ.

ಮಾತು ತೆಗೆದದ್ದು ಗಿರಣಿಯವನು. ಮೂರು ಎಚ್‌ಪಿ ಮೋಟಾರ್ ಬಿಚ್ಚಿದರೆ ಎರಡು ಕೆಜಿ ಹತ್ತಿರ ಸುಟ್ಟ ತಾಮ್ರ ಸಿಗುತ್ತೆ. ಸಾಮಾನ್ಯವಾಗಿ ನಾವು ಮಿಸ್ತ್ರಿಗಳು ಅದನ್ನು ಮಾರಿ ದುಡ್ಡು ಇಟ್ಟುಕೊಳ್ಳುತ್ತೇವೆ. ನಾನು ತೂಗಿ, ಚೀಲಕ್ಕೆ ಹಾಕಿ, ಬಿಲ್ಲಿನ ಜೊತೆ ಗಿರಾಕಿಗೇ ಕೊಟ್ಟೆ. ತುಮಕೂರಿನ ದೋಸ್ತರು ಹುಚ್ಚ ಅಂದರು. ಗಿರಣಿಯವನು ಮೂರನೇ ಸಲ ಬಂದಾಗ ಚೀಲ ಹಿಡಿದು ನಿಂತು, "ದಾಜು, ಇದನ್ನು ಯಾಕೆ ಕೊಡ್ತೀರಿ?" ಅಂದ. ಕೇಳಿದ್ದಕ್ಕೆ ಹೇಳಿದೆ.

ನೇಪಾಳದಲ್ಲಿ ರಜೆ ಶನಿವಾರ, ಸಭೆ ಸೇರೋದೂ ಅವತ್ತೇ. ಅಂಗಡಿ ಯಾಕೆ ಮುಚ್ಚಿದೆ ಅಂತ ಯಾರೂ ಕೇಳಲ್ಲ. ಸಂಜೆ ಪಕ್ಕದ ಮನೆಯ ಆಮಾ ಢಿಂಡೊಗೆ ಕರೆಯುತ್ತಾರೆ. ಢಿಂಡೊ ಅಂದರೆ ಬೇರೇನಲ್ಲ, ನಮ್ಮ ರಾಗಿಮುದ್ದೆಯ ಅಣ್ಣ. ನಾನು ಅಗಿಯದೆ ನುಂಗೋದನ್ನು ನೋಡೋಕೆ ಮೊದಮೊದಲು ಮಕ್ಕಳೆಲ್ಲ ಸೇರುತ್ತಿದ್ದರು. ಈಗ ಅವರಪ್ಪಂದಿರೂ ಕೂರುತ್ತಾರೆ. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದರೆ ಪ್ರಾರ್ಥನೆ ಮಾಡಿ ಅನ್ನುತ್ತಾರೆ. ಅಷ್ಟೇ, ಲೆಕ್ಕ ಇಟ್ಟಿಲ್ಲ.

ಮೂರನೇ ವರ್ಷ ಹಾಕಿದ ದುಡ್ಡು ಬಂತು. ಈಗ ಖರ್ಚು ಕಳೆದು ತಿಂಗಳಿಗೆ ಅಲ್ಲಿಯ 30 ಸಾವಿರ ಉಳಿಯುತ್ತೆ, ಮೂವರು ಹುಡುಗರು ಕೆಲಸ ಕಲಿತಿದ್ದಾರೆ. ಮೊನ್ನೆ ಅದೇ ಹಿರಿಯರ ಫೋನು, ತಂಗಿ ಮಗನನ್ನು ಕಳಿಸಲಾ ಅಂತ. ಮೊದಲು ಆರು ತಿಂಗಳು ತುಮಕೂರಲ್ಲೇ ಸ್ಲಾಟ್ ಪೇಪರ್ ಕತ್ತರಿಸಲಿ ಅಂದೆ.