ಘಟ್ಟದ ಮೇಲಿನವರು ಹಾಯಿದೋಣಿ ಕೊಳ್ಳುವಾಗ: ನನ್ನ ಅನುಭವ

ನಾನು ಕೊಂಡಿರುವುದು 34 ಅಡಿಯ ಹಳೆಯ ಹಾಯಿದೋಣಿ. ಅದು ಇರುವುದು ಗೋವಾದ ಒಂದು ನದಿಯಲ್ಲಿ. ನಾನು ಇರುವುದು ಹುಬ್ಬಳ್ಳಿಯಲ್ಲಿ, ಗೋಕುಲ ರಸ್ತೆಯ ನನ್ನ ಲೇತ್ ವರ್ಕ್‌ಶಾಪ್‌ನಲ್ಲಿ. ದೋಣಿ ಆರಿಸುವಾಗ ನಾನು ಎಲ್ಲಕ್ಕಿಂತ ಮೊದಲು ಲೆಕ್ಕಕ್ಕೆ ತೆಗೆದುಕೊಂಡಿದ್ದು ಈ ದೂರವನ್ನು. ಕರಾವಳಿಯವರು ದಿನಾ ಸಂಜೆ ಹೋಗಿ ದೋಣಿ ನೋಡಿಕೊಂಡು ಬರಬಹುದು. ನಮಗೆ ಸಿಗುವುದು ಶನಿವಾರ, ಭಾನುವಾರ ಮಾತ್ರ. ಅನಮೋಡ ಘಟ್ಟ ಇಳಿದು ಹೋದವರು ಮಧ್ಯಾಹ್ನ ಹಾಯಿ ಏರಿಸುವಂತಿರಬೇಕು. ಹೋದಾಗಲೆಲ್ಲ ರಿಪೇರಿಯಲ್ಲೇ ದಿನ ಕಳೆಯುವ ದೋಣಿ ಎಷ್ಟು ಚೆಂದ ಇದ್ದರೂ ನಮಗಲ್ಲ.

ಉದ್ದದ ವಿಷಯಕ್ಕೆ ಬರೋಣ. 40 ಅಡಿಯ ದೋಣಿಯೊಳಗೆ ಕಾಲಿಟ್ಟರೆ ಮನಸ್ಸು ಸೋಲುತ್ತದೆ, ಮೂರು ಕೋಣೆ, ದೊಡ್ಡ ಅಡುಗೆಕಟ್ಟೆ. ಆದರೆ ವೇಗ ಎಷ್ಟು ಹೆಚ್ಚುತ್ತದೆ ನೋಡಿ. ನೀರಿಗೆ ತಾಗುವ ಉದ್ದವನ್ನು ಅಡಿಯಲ್ಲಿ ಹಿಡಿದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಇಂಥ ಭಾರದ ದೋಣಿಯ ವೇಗದ ಮಿತಿ ನಾಟ್‌ನಲ್ಲಿ ಸಿಗುತ್ತದೆ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.). 34 ಅಡಿಯ ದೋಣಿಯಲ್ಲಿ ನೀರಿಗೆ ತಾಗುವ ಉದ್ದ 28 ಅಡಿ ಎಂದು ಹಿಡಿದರೆ 7.1, 40 ಅಡಿಯದರಲ್ಲಿ 34 ಅಡಿ ಎಂದು ಹಿಡಿದರೆ 7.8. ಮುಕ್ಕಾಲು ನಾಟ್ ಕೂಡ ಪೂರ್ತಿ ಬರಲಿಲ್ಲ, ಅಲ್ವಾ? ಅದೇ ಆಕಾರದ ದೋಣಿ 34ರಿಂದ 40 ಅಡಿಗೆ ಬೆಳೆದರೆ ಭಾರ ಮಾತ್ರ ಸುಮಾರು 1.6 ಪಟ್ಟಾಗುತ್ತದೆ. ಹಾಯಿ, ಲಂಗರು, ಸರಪಳಿ, ತಳದ ಬಣ್ಣ, ಮಳೆಗಾಲಕ್ಕೆ ಮೇಲೆತ್ತುವ ಕ್ರೇನ್, ಎಲ್ಲಕ್ಕೂ ಖರ್ಚು ಜಾಸ್ತಿ. ಚಿಕ್ಕದು ಸಮುದ್ರಕ್ಕೆ ಸಾಕಾಗುತ್ತದಾ ಎಂದು ಕೇಳುವವರಿಗೆ ನಾನು ಅಭಿಲಾಷ್ ಟಾಮಿ ಅವರ ಹೆಸರು ಹೇಳುತ್ತೇನೆ. 2022ರಲ್ಲಿ ಶುರುವಾದ ಗೋಲ್ಡನ್ ಗ್ಲೋಬ್ ರೇಸ್‌ನಲ್ಲಿ ಅವರು ಒಬ್ಬರೇ ಭೂಮಿ ಸುತ್ತಿ ಎರಡನೇ ಸ್ಥಾನ ಪಡೆದರು. ಅವರ ದೋಣಿ ರಸ್ಲರ್ 36, ಉದ್ದ 36 ಅಡಿಗೂ ಸ್ವಲ್ಪ ಕಡಿಮೆ.

ರಸ್ಲರ್ ಉದ್ದ ಕೀಲ್‌ನ ದೋಣಿ. ಕೀಲ್ ಅಂದರೆ ದೋಣಿಯ ತಳದಿಂದ ನೀರೊಳಗೆ ಇಳಿದಿರುವ ಭಾರದ ಭಾಗ. ದೊಡ್ಡ ಅಲೆಯಲ್ಲೂ ದಾರಿ ಬಿಡದೆ ನೇರ ಹೋಗುತ್ತದೆ, ಆದರೆ ಇಕ್ಕಟ್ಟಿನ ಜಾಗದಲ್ಲಿ ಹಿಂದಕ್ಕೆ ತೆಗೆಯುವುದು ಕಷ್ಟ. ನನ್ನ ಓಡಾಟ ಗೋವಾ, ಕಾರವಾರ, ಮುಂದೆ ನೇತ್ರಾಣಿಯ ಕಡೆ. ಈ ಕರಾವಳಿಯಲ್ಲಿ ಆಸರೆ ಸಿಗುವುದು ನದಿಗಳ ಒಳಗೆ, ಅಳಿವೆಗಳಲ್ಲಿ ಮರಳು ದಿಬ್ಬಗಳಿರುತ್ತವೆ. ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ಉಬ್ಬರ ಇಳಿತದ ನಡುವೆ ಸುಮಾರು 2 ಮೀಟರ್ ವ್ಯತ್ಯಾಸ. ಏಳು ಅಡಿ ಆಳದ ಕೀಲ್ ಇದ್ದರೆ ಉಬ್ಬರಕ್ಕಾಗಿ ಕಾಯುತ್ತ ಕೂರಬೇಕು, ಭಾನುವಾರ ಅಲ್ಲೇ ಮುಗಿಯುತ್ತದೆ. ಅದಕ್ಕೆ ನಾಲ್ಕೂವರೆ ಅಡಿ ಆಳದ ಫಿನ್ ಕೀಲ್, ಅಂದರೆ ಮೀನಿನ ರೆಕ್ಕೆಯಂಥ ಗಿಡ್ಡ ಕೀಲ್ ಆರಿಸಿದೆ. ಗಾಳಿಗೆ ಎದುರಾಗಿ ಹೋಗುವಾಗ ಇದು ಸ್ವಲ್ಪ ಜಾಸ್ತಿ ಪಕ್ಕಕ್ಕೆ ಜಾರುತ್ತದೆ. ಅದನ್ನು ಒಪ್ಪಿಕೊಂಡೇ ಕೊಂಡೆ.

ಇಂಜಿನ್ ನನಗೆ ಪರಿಚಯದ ವಿಷಯ. ಸೇಲ್‌ಡ್ರೈವ್, ಅಂದರೆ ಇಂಜಿನ್‌ನಿಂದ ನೇರ ಕೆಳಕ್ಕೆ ತಳ ದಾಟಿ ಪ್ರೊಪೆಲ್ಲರ್ ತಿರುಗಿಸುವ ಕಾಲು, ಇದ್ದ ಒಂದು ಒಳ್ಳೆಯ ದೋಣಿಯನ್ನು ಬಿಟ್ಟೆ. ಅದರಲ್ಲಿ ದೋಣಿಯ ತಳದ ರಂಧ್ರವನ್ನು ಮುಚ್ಚುವುದು ಒಂದು ರಬ್ಬರ್ ಡಯಾಫ್ರಮ್. ವೋಲ್ವೊ ಪೆಂಟಾ ಕಂಪನಿಯೇ 7 ವರ್ಷಕ್ಕೊಮ್ಮೆ ಬದಲಿಸಿ ಅನ್ನುತ್ತದೆ, ಅದಕ್ಕೆ ಇಂಜಿನ್ ಸರಿಸಬೇಕು. ನೇರ ಶಾಫ್ಟ್ ಆದರೆ ನನ್ನ ಲೇತ್‌ನಲ್ಲೇ ತಿರುಗಿಸಿಕೊಳ್ಳಬಲ್ಲೆ. ನೋಡಲು ಹೋಗುವಾಗ ಮೊದಲೇ ಫೋನ್ ಮಾಡಿ, ನಾವು ಬರುವವರೆಗೆ ಇಂಜಿನ್ ಮುಟ್ಟಬೇಡಿ ಎಂದು ಹೇಳುತ್ತಿದ್ದೆ. ಬಿಸಿ ಇಂಜಿನ್ ಸುಲಭವಾಗಿ ಸ್ಟಾರ್ಟ್ ಆಗುತ್ತದೆ, ಅದರ ರೋಗ ಗೊತ್ತಾಗುವುದೇ ಇಲ್ಲ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿಸಿ ಹೊಗೆ ನೋಡಬೇಕು. ನೀಲಿ ಬಂದರೆ ಆಯಿಲ್ ಉರಿಯುತ್ತಿದೆ, ಕಪ್ಪು ಬಂದರೆ ಡೀಸೆಲ್ ಪೂರ್ತಿ ಸುಡುತ್ತಿಲ್ಲ. ಹೊಗೆಯ ಜೊತೆ ಇಂಜಿನ್ ತಂಪು ಮಾಡಿದ ನೀರು ಬರುತ್ತಿಲ್ಲವಾದರೆ ತಕ್ಷಣ ಬಂದ್ ಮಾಡಿಸಿ.

ಈಗಿನ ದೋಣಿ ನೋಡಲು ಹೋದಾಗ ಅಲ್ಲಿ ಕಾವಲಿಗಿದ್ದ ಹುಡುಗ ಹಾವೇರಿ ಕಡೆಯವನು. ನನ್ನ ಮಾತು ಕೇಳಿ ಗುರುತು ಹಿಡಿದ. "ಅಣ್ಣಾರ, ಹೋದ ಮಳಿಗಾಲದಾಗ ಆ ಬೀರು ಹಿಂದ ನೀರು ಇಳಿತಿತ್ರಿ," ಅಂದ. ಬೀರಿನ ಹಲಗೆ ಬಿಚ್ಚಿಸಿದೆ. ಒಳಗೆ ಚೈನ್‌ಪ್ಲೇಟ್ ಎಂಬ ಸ್ಟೀಲ್ ಪಟ್ಟಿ ಇತ್ತು. ಮಾಸ್ಟ್, ಅಂದರೆ ಹಾಯಿಕಂಬ, ಹಿಡಿದ ಉಕ್ಕಿನ ತಂತಿಗಳ ಎಳೆತವೆಲ್ಲ ಈ ಪಟ್ಟಿಗಳ ಮೇಲೇ. ಹೊರಗೆ ಕಾಣುವ ತುದಿ ಥಳಥಳ ಹೊಳೆಯುತ್ತಿತ್ತು, ಡೆಕ್ ದಾಟಿ ಒಳಹೋದ ಭಾಗದಲ್ಲಿ ಕಂದು ಕಲೆ, ಸಣ್ಣ ಸಣ್ಣ ಗುಳಿ. ಸ್ಟೇನ್‌ಲೆಸ್ ಸ್ಟೀಲ್‌ಗೆ ತುಕ್ಕು ಹಿಡಿಯದಿರುವುದು ಅದರ ಮೇಲಿನ ತೆಳು ಪದರದಿಂದ. ಆ ಪದರ ಉಳಿಯಲು ಗಾಳಿ ಬೇಕು. ಗಾಳಿ ಆಡದ ಒದ್ದೆ ಸಂದಿಯಲ್ಲಿ ಉಪ್ಪುನೀರು ನಿಂತರೆ ಸ್ಟೀಲ್ ಒಳಗಿಂದೊಳಗೇ ತಿಂದುಹೋಗುತ್ತದೆ. ಹೀಗೆ ಸವೆದ ಪಟ್ಟಿ ಒಂದು ದಿನ ಜೋರು ಗಾಳಿಯಲ್ಲಿ ಮುರಿದರೆ ಮಾಸ್ಟ್ ಬೀಳುತ್ತದೆ. ಹಳೆಯ ದೋಣಿ ಕೊಳ್ಳುವವರಿಗೆ ನಾನು ಕೈಮುಗಿದು ಹೇಳುವುದು ಇದನ್ನೇ: ಹಲಗೆ ಬಿಚ್ಚಿಸದೆ ಮುಂಗಡ ಕೊಡಬೇಡಿ.

ಆ ಪಟ್ಟಿಗಳ ಸುತ್ತ ಡೆಕ್ ಅನ್ನು ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟುತ್ತ ಹೋದೆ. ಗಟ್ಟಿ ಜಾಗದಲ್ಲಿ ಟಕ್ ಎಂಬ ಸ್ಪಷ್ಟ ಸದ್ದು, ಡೆಕ್‌ನ ಫೈಬರ್ ಪದರಗಳ ನಡುವಿನ ಹಗುರ ಬಾಲ್ಸಾ ಮರ ಕೊಳೆತಿದ್ದರೆ ಮಂದ ಸದ್ದು. ಇಲ್ಲಿ ಅಂಗೈಯಗಲ ಮಾತ್ರ ಮಂದವಿತ್ತು. ದೋಣಿ ಪರೀಕ್ಷಿಸುವ ಸರ್ವೇಯರ್ ಬಂದು ಹೊರಮೈಯ ತೇವ ಅಳೆದು, ತಳದಲ್ಲಿ ಗುಳ್ಳೆಗಳಿಲ್ಲ ಎಂದರು. ಕೀಲ್ ಬೋಲ್ಟ್‌ಗಳು, ನೀರಿನ ವಾಲ್ವ್‌ಗಳು ಚೆನ್ನಾಗಿದ್ದವು. ಮಾಸ್ಟ್‌ನ ತಂತಿಗಳಿಗೆ ಹತ್ತು ವರ್ಷ ದಾಟಿತ್ತು. ಅವುಗಳನ್ನೂ ಬದಲಿಸುವ ಲೆಕ್ಕ ಹಿಡಿದು ಬೆಲೆ ಇಳಿಸಲು ಕೇಳಿದೆ, ಮಾಲೀಕರು ಒಪ್ಪಿದರು. ಹೊಸ ಪಟ್ಟಿಗಳನ್ನು 316 ಗ್ರೇಡ್ ಸ್ಟೀಲ್‌ನಲ್ಲಿ ನಮ್ಮ ವರ್ಕ್‌ಶಾಪ್‌ನಲ್ಲೇ ಮಾಡಿದೆವು.

ಇನ್ನೊಂದು ಪರೀಕ್ಷೆ ಮನೆಯವಳದು. ಯುರೋಪಿನ ಚಳಿಗೆಂದು ಕಟ್ಟಿದ ಒಂದು ದೋಣಿಯಲ್ಲಿ ಐದು ನಿಮಿಷ ಕೂತು, "ರೀ, ಇದರಾಗ ಉಸಿರು ಕಟ್ತದ," ಅಂದಳು. ಮಾರ್ಚ್, ಏಪ್ರಿಲ್‌ನಲ್ಲಿ ಅಲ್ಲಿ ಮಲಗುವುದು ಸಾಧ್ಯವೇ ಇಲ್ಲ. ಆಮೇಲೆ ಮೇಲ್ಗಿಂಡಿಗಳು ಎಷ್ಟು, ಗಾಳಿ ಹಾದುಹೋಗುತ್ತದಾ, ಚುಕ್ಕಾಣಿ ಹಿಡಿದವರಿಗೆ ನೆರಳಿದೆಯಾ ಎಂದು ಅವಳೇ ನೋಡತೊಡಗಿದಳು. ಓಡಿಸಿ ನೋಡಿದ್ದು ಮಧ್ಯಾಹ್ನದ ವಾಯವ್ಯ ಗಾಳಿಯಲ್ಲಿ. ಅವಳು ಚುಕ್ಕಾಣಿ ಹಿಡಿದಳು, ನಾನೊಬ್ಬನೇ ದೊಡ್ಡ ಹಾಯಿಯನ್ನು ಅರ್ಧಕ್ಕೆ ಇಳಿಸಿ ಕಟ್ಟಿದೆ. ಇಬ್ಬರಿಂದ ಆಗದ ಕೆಲಸ ಯಾವುದೂ ಅದರಲ್ಲಿರಲಿಲ್ಲ.

ದುಡ್ಡಿನ ವಿಷಯದಲ್ಲಿ, ಕೊಂಡ ಬೆಲೆಯ ಐದನೇ ಒಂದು ಭಾಗವನ್ನು ಮೊದಲ ವರ್ಷದ ಖರ್ಚಿಗೆ ಬೇರೆ ಇಟ್ಟಿದ್ದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೋಣಿ ದಡದ ಮೇಲೆ ನಿಲ್ಲುತ್ತದೆ, ಅದಕ್ಕೂ ಬಾಡಿಗೆ ಇದೆ. ಕಾಗದಪತ್ರದಲ್ಲಿ ಕ್ರಯಪತ್ರ ಮತ್ತು ನೋಂದಣಿ ಒಂದೇ ಹೆಸರಿನಲ್ಲಿವೆಯೇ ನೋಡಿ. ಹೊರದೇಶದಲ್ಲಿ ಕಟ್ಟಿದ ದೋಣಿಯಾದರೆ ಕಸ್ಟಮ್ಸ್ ಸುಂಕ ಕಟ್ಟಿದ ಮೂಲ ರಸೀದಿ ಕೇಳಿ. ಅದನ್ನು ತೋರಿಸದವರ ಜೊತೆ ನಾನು ಬೆಲೆಯ ಮಾತನ್ನೇ ಆಡಲಿಲ್ಲ.